ಕಾರಿನ ಎಂಜಿನ್ ಸದ್ದು ಹೆಚ್ಚಿದಾಗ: ಕಾರಣಗಳು, ಗುರುತುಗಳು, ಕೈಗೊಳ್ಳಬೇಕಾದ ಕ್ರಮಗಳು

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಗೆ ಮಕ್ಕಳನ್ನು ಕರೆತರುತ್ತಿದ್ದ ಹಳೆಯ ಬಾಡಿಗೆ ವಾಹನವೊಂದರ ಸದ್ದು ದಿನದಿಂದ ದಿನಕ್ಕೆ ಏರತೊಡಗಿತ್ತು. ವಾಹನವು ರಸ್ತೆಯ ತಿರುವಿನಲ್ಲಿರುವಾಗಲೇ ತರಗತಿಯೊಳಗೆ ಅದರ ಅಬ್ಬರ ಕೇಳಿಸುತ್ತಿತ್ತು. "ಹಳೆಯ ಗಾಡಿ ಮಾಷ್ಟ್ರೇ, ಸದ್ದು ಇದ್ದೇ ಇರ್ತದೆ" ಎಂದು ಚಾಲಕರು ಹೇಳಿದರು. ನಾವೂ ಒಪ್ಪಿ ಸುಮ್ಮನಾದೆವು. ಅದೇ ದಿನಗಳಲ್ಲಿ ಹಿಂದಿನ ಸೀಟಿನಲ್ಲಿ ಕುಳಿತು ಬರುವ ಮಕ್ಕಳು ಬೆಳಗಿನ ಮೊದಲ ಪಿರಿಯಡ್‌ನಲ್ಲಿ ತಲೆನೋವು, ವಾಕರಿಕೆ ಎಂದು ಹೇಳುತ್ತಿದ್ದರು. ಬೆಳಗ್ಗೆ ಏನೂ ತಿನ್ನದೆ ಬಂದಿರಬೇಕೆಂದು ನಾವು ಭಾವಿಸಿದೆವು. ಎರಡು ವಾರಗಳ ಬಳಿಕ ವರ್ಕ್‌ಶಾಪಿನಲ್ಲಿ ವಾಹನವನ್ನು ಎತ್ತಿ ನೋಡಿದಾಗ, ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆ ತುಕ್ಕು ಹಿಡಿದು ಒಡೆದಿರುವುದು ಕಂಡುಬಂತು. ಮಳೆಯ ಕಾರಣ ಗಾಜುಗಳನ್ನೆಲ್ಲ ಮುಚ್ಚಿದ್ದ ವಾಹನದೊಳಕ್ಕೆ, ನೆಲದ ತಗಡಿನ ತೂತುಗಳ ಮೂಲಕ ಹೊಗೆ ನುಗ್ಗುತ್ತಿತ್ತು. ಕೊಳವೆ ಬದಲಾಯಿತು, ಸದ್ದು ಇಳಿಯಿತು, ಮಕ್ಕಳ ತಲೆನೋವಿನ ದೂರೂ ನಿಂತಿತು.

ಎರಡು ವಾರ ಕಿವಿಗೆ ಬೀಳುತ್ತಿದ್ದ ಸದ್ದಿನ ಅರ್ಥವನ್ನು ನಾವು ವಿಚಾರಿಸದಿದ್ದುದು ತಪ್ಪೇ ಸರಿ. ಸ್ವಂತ ಕಾರಿನಲ್ಲಾಗಲಿ, ನಾಲ್ಕು ಮನೆಯವರು ಸೇರಿ ಗೊತ್ತುಮಾಡಿಕೊಂಡ ವಾಹನದಲ್ಲಾಗಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ಎಲ್ಲ ರಕ್ಷಕರಿಗೂ ಉಪಯೋಗಕ್ಕೆ ಬರಲೆಂದು, ಎಂಜಿನ್ ಸದ್ದು ಹೆಚ್ಚುವುದರ ಸಾಮಾನ್ಯ ಕಾರಣಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇವೆ.

ಎಂಜಿನ್ನಿಗೆ ಸದ್ದು ಎಲ್ಲಿಂದ?

ಕಾರಿನ ಎಂಜಿನ್ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನವನ್ನು ಎಳೆದುಕೊಂಡು, ಅದುಮಿ, ಉರಿಸಿ, ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ಹಂತಗಳು ಮುಗಿಯುವಾಗ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿರುತ್ತದೆ. ಮೂರು ಸಿಲಿಂಡರಿನ ಎಂಜಿನ್ ನಿಂತಲ್ಲಿಯೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಪ್ರತಿ ಸಿಲಿಂಡರಿನಲ್ಲಿ 400 ಬಾರಿ, ಒಟ್ಟು 1,200 ಬಾರಿ ಇಂಧನ ಉರಿಯುತ್ತದೆ. ಅಂದರೆ ಸೆಕೆಂಡಿಗೆ 20 ಬಾರಿ. ಓಡುವಾಗ 3,000 ಸುತ್ತಿಗೆ ಏರಿದರೆ ಸೆಕೆಂಡಿಗೆ 75 ಬಾರಿ. ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕವಿದು.

ಇಷ್ಟು ಸ್ಫೋಟಗಳ ಸದ್ದು ನಮ್ಮ ಕಿವಿಗೆ ಸೌಮ್ಯವಾಗಿ ತಲುಪಲು ನಾಲ್ಕು ಏರ್ಪಾಡುಗಳಿವೆ. ಹೊಗೆಯ ಅಬ್ಬರವನ್ನು ಸೈಲೆನ್ಸರ್ ತಗ್ಗಿಸುತ್ತದೆ. ಲೋಹದ ಭಾಗಗಳ ನಡುವೆ ಆಯಿಲ್‌ನ ತೆಳು ಪದರ ನಿಲ್ಲುತ್ತದೆ. ಎಂಜಿನ್ನಿನ ನಡುಕವು ಕಾರಿನ ಮೈಗೆ ಹರಡದಂತೆ ರಬ್ಬರಿನ ಮೌಂಟುಗಳು ತಡೆಯುತ್ತವೆ. ಒಳಹೋಗುವ ಗಾಳಿಯ ಸದ್ದನ್ನು ಏರ್ ಫಿಲ್ಟರಿನ ಪೆಟ್ಟಿಗೆ ಕುಗ್ಗಿಸುತ್ತದೆ. ಸದ್ದು ಏರಿತೆಂದರೆ ಸಾಮಾನ್ಯವಾಗಿ ಈ ನಾಲ್ಕರಲ್ಲೊಂದು ಕೈಕೊಟ್ಟಿದೆ, ಇಲ್ಲವೆ ತಿರುಗುವ ಭಾಗವೊಂದು ಸವೆದಿದೆ ಎಂದರ್ಥ.

ಸದ್ದನ್ನು ಗುರುತಿಸುವ ಬಗೆ

ಪಟಪಟ, ಚಟಚಟ, ಗುಡುಗುಡು ಮುಂತಾದ ಅನುಕರಣಾವ್ಯಯಗಳನ್ನು ನಮ್ಮ ಮಕ್ಕಳು ವ್ಯಾಕರಣದ ಪಾಠದಲ್ಲಿ ಕಲಿಯುತ್ತಾರೆ. ಎಂಜಿನ್ನಿನ ತೊಂದರೆಯನ್ನು ಹೇಳಲು ಇವುಗಳಿಗಿಂತ ಉತ್ತಮವಾದ ಸಲಕರಣೆಯಿಲ್ಲ. "ಸದ್ದು ಬರುತ್ತಿದೆ" ಎಂದರೆ ಮೆಕ್ಯಾನಿಕರಿಗೆ ಏನೂ ತಿಳಿಯದು. ಟಿಕ್ ಟಿಕ್ ಎನ್ನುತ್ತಿದೆಯೆ, ಕೀಚ್ ಎನ್ನುತ್ತಿದೆಯೆ, ಧಡ್ ಧಡ್ ಎನ್ನುತ್ತಿದೆಯೆ ಎಂದು ತಿಳಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಮೊದಲು ಸದ್ದು ಎಂಜಿನ್ನಿನದೇ ಹೌದೆ ಎಂದು ನೋಡಬೇಕು. ಸಮತಟ್ಟಾದ ಬಯಲು ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಮೆಲ್ಲನೆ ಒತ್ತಬೇಕು. ನಿಂತಲ್ಲಿಯೇ ಸದ್ದು ಬಂದು, ಎಂಜಿನ್ನಿನ ವೇಗದೊಡನೆ ಏರಿಳಿದರೆ ಅದು ಎಂಜಿನ್ನಿಗೆ ಇಲ್ಲವೆ ಅದಕ್ಕೆ ಜೋಡಿಸಿದ ಭಾಗಗಳಿಗೆ ಸೇರಿದ್ದು. ಕಾರು ಚಲಿಸುವಾಗ ಮಾತ್ರ ಬಂದು, ಚಕ್ರದ ವೇಗದೊಡನೆ ಏರಿದರೆ ಟಯರು ಅಥವಾ ಚಕ್ರದ ಬೇರಿಂಗನ್ನು ಮೊದಲು ಶಂಕಿಸಬೇಕು.

ಬಳಿಕ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಳ್ಳುವುದು ಲೇಸು: ಸದ್ದು ಎಂತಹುದು? ಎಂಜಿನ್ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಂತಾಗಲೋ, ಏರು ಹತ್ತುವಾಗಲೋ? ಒಮ್ಮೆಲೇ ಆರಂಭವಾಯಿತೋ, ಮೆಲ್ಲಮೆಲ್ಲನೆ ಬೆಳೆಯಿತೋ?

ಸಾಮಾನ್ಯ ಕಾರಣಗಳು

*1. ಸೈಲೆನ್ಸರ್ ಮತ್ತು ಹೊಗೆಕೊಳವೆ ಒಡೆಯುವುದು (ಡಬಡಬ, ಬುಸ್ ಬುಸ್)*

ಇಡೀ ಕಾರು ಒಮ್ಮೆಗೇ ಅಬ್ಬರಿಸತೊಡಗಿದರೆ ಮೊದಲ ಶಂಕೆ ಇದರ ಮೇಲೆಯೇ. ಪೆಟ್ರೋಲ್ ಉರಿದಾಗ ನೀರೂ ಉಂಟಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊರಹೋಗುತ್ತದೆ. ದೂರ ಓಡಿದಾಗ ಕೊಳವೆ ಚೆನ್ನಾಗಿ ಕಾದು ಆವಿಯೆಲ್ಲ ಹೊರಗೆ ಹೋಗುತ್ತದೆ. ಮನೆಯಿಂದ ಶಾಲೆಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಆವಿ ಸೈಲೆನ್ಸರಿನೊಳಗೆ ನೀರಾಗಿ ಉಳಿದು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಕಾಸರಗೋಡಿನಂತಹ ಕರಾವಳಿಯಲ್ಲಿ ಉಪ್ಪುಗಾಳಿ ಮತ್ತು ದೀರ್ಘ ಮಳೆಗಾಲಗಳು ಹೊರಗಿನಿಂದಲೂ ಅದೇ ಕೆಲಸವನ್ನು ಮಾಡುತ್ತವೆ. ಕಚ್ಚಾ ರಸ್ತೆಯ ಕಲ್ಲು, ಎತ್ತರದ ಹಂಪ್ ತಗುಲಿಯೂ ಕೊಳವೆ ಬಿರಿಯಬಹುದು.

ಒಡೆದ ಸ್ಥಾನ ಮುಖ್ಯ. ಹಿಂಬದಿಯ ತುದಿಯಲ್ಲಿ ಒಡೆದರೆ ಸದ್ದು ದೊಡ್ಡದು, ಅಪಾಯ ಕಡಿಮೆ. ಎಂಜಿನ್ನಿನ ಬಳಿ ಅಥವಾ ಸೀಟುಗಳ ಕೆಳಗೆ ಒಡೆದರೆ ಹೊಗೆ ಕಾರಿನೊಳಕ್ಕೆ ಬರಬಹುದು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಪರಿಣಾಮವಾಗಿ ದೇಹಕ್ಕೆ ಆಮ್ಲಜನಕ ಸಾಲದಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ತೂಕಡಿಕೆ ಇದರ ಆರಂಭದ ಲಕ್ಷಣಗಳು. ಪ್ರಯಾಣದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇವು ಒಟ್ಟಿಗೆ ಕಾಣಿಸಿಕೊಂಡರೆ ವಾಹನ ನಿಲ್ಲಿಸಿ, ಎಲ್ಲರನ್ನೂ ತೆರೆದ ಗಾಳಿಗೆ ಇಳಿಸಿ, ವೈದ್ಯರನ್ನು ಕಾಣಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಮಾಡಿಟ್ಟು ಸದ್ದಿನ ಪರೀಕ್ಷೆ ನಡೆಸಲೇಬಾರದು.

ತೆಳು ತಗಡಿನ ಗಲಗಲ ಸದ್ದು ಮಾತ್ರ ಕೇಳುತ್ತಿದ್ದರೆ, ಕೊಳವೆಯ ಶಾಖವನ್ನು ತಡೆಯುವ ತಗಡಿನ ಬೋಲ್ಟ್ ಸಡಿಲವಾಗಿರಬಹುದು. ಇದು ಅಲ್ಪ ಖರ್ಚಿನಲ್ಲಿ ಸರಿಯಾಗುವ ತೊಂದರೆ.

*2. ಆಯಿಲ್ ಕಡಿಮೆಯಾಗುವುದು (ಟಿಕ್ ಟಿಕ್)*

ಎಂಜಿನ್ನಿನ ಮೇಲ್ಭಾಗದಿಂದ ಹೊಲಿಗೆಯಂತ್ರದಂತಹ ಟಿಕ್ ಟಿಕ್ ಸದ್ದು ಕೇಳಿದರೆ ಅದನ್ನು ಟ್ಯಾಪೆಟ್ ಸದ್ದು ಎನ್ನುವುದು ವಾಡಿಕೆ. ಗಾಳಿ ಮತ್ತು ಹೊಗೆಯ ದಾರಿಯನ್ನು ತೆರೆದು ಮುಚ್ಚುವ ವಾಲ್ವುಗಳ ಭಾಗದಲ್ಲಿ ಅಂತರ ಹೆಚ್ಚಾದಾಗ, ಇಲ್ಲವೆ ಅಲ್ಲಿಗೆ ಆಯಿಲ್ ಸಾಕಷ್ಟು ತಲುಪದಿದ್ದಾಗ ಈ ಸದ್ದು ಹುಟ್ಟುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಕೆಲವು ಸೆಕೆಂಡು ಕೇಳಿ ನಿಂತರೆ ಚಿಂತೆ ಬೇಡ. ನಿಲ್ಲದೆ ಮುಂದುವರಿದರೆ ಮೊದಲು ಆಯಿಲ್ ಮಟ್ಟವನ್ನು ನೋಡಬೇಕು.

ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಡಬೇಕು. ಡಿಪ್‌ಸ್ಟಿಕ್ ಹೊರತೆಗೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಕ್ಕೆ ತೂರಿಸಿ ಮತ್ತೆ ತೆಗೆಯಬೇಕು. ಆಯಿಲ್‌ನ ಗೆರೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿದ್ದರೆ ಕಾರಿನ ಕೈಪಿಡಿ ಸೂಚಿಸಿದ ದರ್ಜೆಯ ಆಯಿಲನ್ನೇ ಹಾಕಿಸಬೇಕು. 5 ಡಬ್ಲ್ಯೂ-30, 20 ಡಬ್ಲ್ಯೂ-40 ಮುಂತಾದ ಸಂಖ್ಯೆಗಳು ಆಯಿಲ್ ಎಷ್ಟು ದಪ್ಪ, ಎಷ್ಟು ತೆಳು ಎಂಬುದನ್ನು ತಿಳಿಸುತ್ತವೆ. ಸದ್ದು ಮುಚ್ಚಲೆಂದು ದಪ್ಪ ಆಯಿಲ್ ಹಾಕಿಸುವುದು ರೋಗಕ್ಕೆ ಮದ್ದಲ್ಲ. ತೆಳು ಆಯಿಲ್‌ಗೆಂದು ರೂಪಿಸಿದ ಎಂಜಿನ್ನಿನ ಇಕ್ಕಟ್ಟಾದ ಹಾದಿಗಳಿಗೆ ಅದು ಸಕಾಲದಲ್ಲಿ ತಲುಪುವುದಿಲ್ಲ. ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಸೋರಿಕೆ ಇದೆ, ಇಲ್ಲವೆ ಎಂಜಿನ್ ಆಯಿಲನ್ನು ಉರಿಸುತ್ತಿದೆ ಎಂದು ತಿಳಿಯಬೇಕು.

*3. ಬೆಲ್ಟ್ ಮತ್ತು ಬೇರಿಂಗ್ (ಕೀಚ್, ಗುರ್ರ್)*

ಎಂಜಿನ್ನಿನ ಪಕ್ಕದಲ್ಲಿರುವ ರಬ್ಬರ್ ಬೆಲ್ಟ್ ಬ್ಯಾಟರಿಗೆ ಚಾರ್ಜ್ ನೀಡುವ ಆಲ್ಟರ್ನೇಟರನ್ನೂ ಎ.ಸಿ.ಯನ್ನೂ, ಹಲವು ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಸಡಿಲಗೊಂಡು ಅಥವಾ ಹಳತಾಗಿ ಜಾರಿದರೆ ಕೀಚ್ ಎಂಬ ತೀಕ್ಷ್ಣ ಸದ್ದು ಬರುತ್ತದೆ. ಮಳೆಯ ಮುಂಜಾನೆ ಒಂದೆರಡು ನಿಮಿಷ ಕೇಳಿ ನಿಂತರೆ ತೇವ ಕಾರಣವಿರಬಹುದು. ಪ್ರತಿದಿನವೂ, ಅಥವಾ ಎ.ಸಿ. ಹಾಕಿದೊಡನೆ ಕೇಳಿದರೆ ಬೆಲ್ಟ್ ಪರೀಕ್ಷಿಸಬೇಕು. ಬಿರುಕು ಬಿಟ್ಟ ಬೆಲ್ಟ್ ದಾರಿಯಲ್ಲಿ ತುಂಡಾದರೆ ಬ್ಯಾಟರಿಗೆ ಚಾರ್ಜ್ ನಿಲ್ಲುತ್ತದೆ. ನೀರಿನ ಪಂಪೂ ಅದಕ್ಕೇ ಸೇರಿದ್ದರೆ ಎಂಜಿನ್ ಕಾದು ಹೋಗುತ್ತದೆ.

ಗುರ್ರ್ ಎಂದು ಬೀಸುಕಲ್ಲಿನಂತೆ ಅರೆಯುವ ಸದ್ದು ಬೇರಿಂಗ್ ಸವೆತದ ಗುರುತು. ಎಂಜಿನ್ ಓಡುತ್ತಿರುವಾಗ ಬಾನೆಟ್ ತೆರೆದು ಇವುಗಳ ಬಳಿ ಕೈ ತರಬಾರದು. ಸೀರೆಯ ಸೆರಗು, ಶಾಲು, ಉದ್ದ ಜಡೆ ಸಿಲುಕುವ ಅಪಾಯವಿದೆ. ಎಂಜಿನ್ ಆರಿದ ಮೇಲೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗಬಹುದೆಂಬುದನ್ನು ಮಕ್ಕಳಿಗೆ ತಿಳಿಸಬೇಕು.

*4. ಎಂಜಿನ್ ಮೌಂಟ್ ಸವೆಯುವುದು (ನಡುಕ, ಡುಕ್ ಎಂಬ ಪೆಟ್ಟು)*

ನಿಂತಿರುವಾಗ ಸ್ಟಿಯರಿಂಗ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲವೂ ನಡುಗುತ್ತಿದ್ದರೆ, ಕ್ಲಚ್ ಬಿಡುವಾಗ ಡುಕ್ ಎಂದು ಒಮ್ಮೆ ಬಡಿದರೆ ರಬ್ಬರ್ ಮೌಂಟ್ ಹರಿದಿರಬಹುದು. ಎಂಜಿನ್ನಿನ ಸದ್ದು ನಿಜವಾಗಿ ಹೆಚ್ಚಿರುವುದಿಲ್ಲ. ಕಾರಿನ ಮೈಗೆ ಹರಡುವುದರಿಂದ ಹೆಚ್ಚಾಗಿ ಕೇಳಿಸುತ್ತದೆ. ಎಂಜಿನ್ ಬಿಚ್ಚಬೇಕೆಂದು ಯಾರಾದರೂ ಹೇಳುವ ಮುನ್ನ ಮೌಂಟುಗಳನ್ನು ನೋಡಿದ್ದಾರೆಯೆ ಎಂದು ಕೇಳುವುದು ಒಳ್ಳೆಯದು.

*5. ಏರುದಾರಿಯ ಬಡಿತ (ಕಟಕಟ)*

ತಾಳವಾಡಿಯ ಕುಟುಂಬಗಳು ಸತ್ಯಮಂಗಲದಿಂದ ಹಿಂದಿರುಗುವಾಗ ದಿಂಬಂ ಘಾಟಿಯ 27 ಹಿಮ್ಮುರಿ ತಿರುವುಗಳನ್ನು ಏರಬೇಕು. ವಯನಾಡಿನವರಿಗೆ ತಾಮರಶ್ಶೇರಿ ಚುರದಲ್ಲಿ ಇಂತಹ ಒಂಬತ್ತು ತಿರುವುಗಳಿವೆ. ಇಂತಹ ದಾರಿಗಳಲ್ಲಿ ಮೇಲಿನ ಗೇರಿನಲ್ಲಿಯೇ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಎಂಜಿನ್ನಿನಿಂದ ಡಬ್ಬಿಯಲ್ಲಿ ಗೋಲಿ ಕುಲುಕಿದಂತೆ ಕಟಕಟ ಸದ್ದು ಬರುವುದುಂಟು. ಸಿಲಿಂಡರಿನೊಳಗಿನ ಇಂಧನ ಕ್ರಮವಾಗಿ ಉರಿಯುವ ಬದಲು, ಉಳಿದ ಭಾಗ ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುವುದು ಇದಕ್ಕೆ ಕಾರಣ. ಗೇರನ್ನು ತಕ್ಷಣ ಇಳಿಸಿದರೆ ಅನೇಕ ವೇಳೆ ನಿಲ್ಲುತ್ತದೆ. ನಿಲ್ಲದಿದ್ದರೆ ಎಂಜಿನ್ ಅತಿಯಾಗಿ ಕಾದಿದೆಯೆ, ಒಳಗೆ ಇಂಗಾಲದ ಮಸಿ ಕಟ್ಟಿದೆಯೆ, ಕಿಡಿ ಹೊತ್ತುವ ಸಮಯ ತಪ್ಪಿದೆಯೆ, ಪೆಟ್ರೋಲ್ ಕಲಬೆರಕೆಯದೆ ಎಂದು ವಿಚಾರಿಸಬೇಕು. ಬಹುಕಾಲ ನಿರ್ಲಕ್ಷಿಸಿದರೆ ಪಿಸ್ಟನ್ನಿಗೆ ಹಾನಿಯಾಗುತ್ತದೆ.

*6. ಒಂದು ಸಿಲಿಂಡರ್ ಉರಿಯದಿರುವುದು (ಫಟ್ ಫಟ್)*

ಲಯ ತಪ್ಪಿದ ಸದ್ದು, ಕಾರಿನ ಕುಲುಕಾಟ, ಶಕ್ತಿ ಕುಂದುವುದು, ಎಂಜಿನ್ ಚಿತ್ರದ ದೀಪ ಮಿನುಗುವುದು ಇವು ಒಟ್ಟಿಗೆ ಕಂಡರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಅಥವಾ ಇಂಜೆಕ್ಟರ್ ಕೆಟ್ಟಿರಬಹುದು. ಇಲಿಗಳು ವಯರು ಕಡಿದಿರುವುದೂ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಉರಿಯದೆ ಉಳಿದ ಇಂಧನ ಹೊಗೆಕೊಳವೆಯಲ್ಲಿರುವ ಬೆಲೆಬಾಳುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವುದರಿಂದ, ಸಣ್ಣ ರಿಪೇರಿಯನ್ನು ಮುಂದೂಡಿದರೆ ದೊಡ್ಡ ಖರ್ಚು ಬರುತ್ತದೆ.

*7. ಏರ್ ಫಿಲ್ಟರ್ ಮತ್ತು ಫ್ಯಾನ್ (ಭೋರ್)*

ಸರ್ವಿಸ್ ಮಾಡಿಸಿದ ಮರುದಿನವೇ ಆಕ್ಸಿಲರೇಟರ್ ಒತ್ತಿದಾಗ ಗಾಳಿ ಎಳೆಯುವ ಭೋರ್ ಸದ್ದು ಹೆಚ್ಚಿದ್ದರೆ, ಫಿಲ್ಟರ್ ಪೆಟ್ಟಿಗೆಯ ಕ್ಲಿಪ್ ಸರಿಯಾಗಿ ಕೂಡಿಲ್ಲದಿರಬಹುದು. ಜತ್ತ, ಅಕ್ಕಲಕೋಟೆ, ಆದವಾನಿ ಕಡೆಯ ಧೂಳಿನ ರಸ್ತೆಗಳಲ್ಲಿ ಇದನ್ನು ಬೇಗ ಸರಿಪಡಿಸಬೇಕು. ಶೋಧಿಸದ ಧೂಳು ಸಿಲಿಂಡರನ್ನು ಉಜ್ಜಿ ಸವೆಸುತ್ತದೆ. ಸೋಲಾಪುರದ ಬೇಸಗೆಯಲ್ಲಿ ಫ್ಯಾನ್ ಹೆಚ್ಚು ಹೊತ್ತು ಜೋರಾಗಿ ತಿರುಗುವುದು ಸಹಜ. ತಂಪು ಹವೆಯಲ್ಲಿಯೂ ಹಾಗೆಯೇ ಆದರೆ ರೇಡಿಯೇಟರಿನ ಕೂಲೆಂಟ್ ಮಟ್ಟವನ್ನು, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ನೋಡಬೇಕು. ಬಿಸಿಯಿರುವಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

*8. ಒಳಗಿನ ಆಳದ ಬಡಿತ (ಧಡ್ ಧಡ್)*

ಎಂಜಿನ್ನಿನ ಕೆಳಭಾಗದಿಂದ ಸುತ್ತಿಗೆಯ ಪೆಟ್ಟಿನಂತೆ ಧಡ್ ಧಡ್ ಎಂದು ಬಂದು, ಆಕ್ಸಿಲರೇಟರ್ ಒತ್ತಿದಂತೆಲ್ಲ ಹೆಚ್ಚಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವ ಸಂಭವವಿದೆ. ಆಯಿಲ್ ಇಲ್ಲದೆ ಓಡಿಸಿದ ವಾಹನಗಳಲ್ಲಿ ಇದು ಹೆಚ್ಚು. ಇನ್ನೂ ಓಡಿಸಿದರೆ ರಾಡ್ ಮುರಿದು ಎಂಜಿನ್ನಿನ ಗೋಡೆಯನ್ನೇ ತೂರಬಹುದು. ಇದಕ್ಕೆ ಇರುವುದು ಒಂದೇ ದಾರಿ: ಎಂಜಿನ್ ಆರಿಸಿ, ಎಳೆದೊಯ್ಯಿಸುವುದು.

ಮಳೆಗಾಲದಲ್ಲಿ ತುಂಬಿದ ನೀರನ್ನು ದಾಟುವಾಗ ಎಂಜಿನ್ ನಿಂತುಬಿಟ್ಟರೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಸಿಲಿಂಡರಿನೊಳಗೆ ಹೋಗಿದ್ದರೆ, ನೀರನ್ನು ಗಾಳಿಯಂತೆ ಅದುಮಲಾಗದ ಕಾರಣ ರಾಡ್ ಬಾಗುತ್ತದೆ. ಬಳಿಕ ಇದೇ ಬಡಿತ ಕೇಳಿಬರುತ್ತದೆ.

ದೋಷವಲ್ಲದ ಸದ್ದುಗಳು

ಪ್ರತಿಯೊಂದು ಸದ್ದಿಗೂ ಅಂಜಬೇಕಾಗಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹೆಚ್ಚು ಅದುಮಿ, ಆ ಶಾಖದಿಂದಲೇ ಇಂಧನ ಹೊತ್ತುವುದರಿಂದ ಅದರ ಸ್ವಭಾವವೇ ತುಸು ಗಡಸು. ಮೂರು ಸಿಲಿಂಡರಿನ ಎಂಜಿನ್ ನಾಲ್ಕು ಸಿಲಿಂಡರಿನದಕ್ಕಿಂತ ಹೆಚ್ಚು ನಡುಗುತ್ತದೆ. ಮುಂಜಾನೆಯ ಚಳಿಯಲ್ಲಿ ಎಂಜಿನ್ ತುಸು ಹೆಚ್ಚು ವೇಗದಲ್ಲಿ ತಿರುಗಿ, ಕಾದ ಮೇಲೆ ಇಳಿಯುತ್ತದೆ. ಕಾರು ನಿಲ್ಲಿಸಿದ ಮೇಲೆ ಕೇಳುವ ಟಿಣ್ ಟಿಣ್ ಸದ್ದು, ಕಾದ ಲೋಹ ತಣಿದು ಕುಗ್ಗುವುದರ ಸದ್ದು. ನಿನ್ನೆಯವರೆಗೆ ಇಲ್ಲದ ಸದ್ದು ಇಂದು ಬಂದಿದೆಯೆ ಎಂಬುದೇ ಮುಖ್ಯ ಪ್ರಶ್ನೆ.

ಓಡಿಸಬಹುದೆ, ನಿಲ್ಲಿಸಬೇಕೆ?

ತಕ್ಷಣ ನಿಲ್ಲಿಸಬೇಕಾದವು: ಆಳದ ಧಡ್ ಧಡ್ ಬಡಿತ, ಯಾವುದೇ ಸದ್ದಿನ ಜೊತೆಗೆ ಕೆಂಪು ಆಯಿಲ್ ದೀಪ ಅಥವಾ ತಾಪದ ದೀಪ ಹೊತ್ತುವುದು, ಅಬ್ಬರದೊಡನೆ ಕಾರಿನೊಳಗೆ ಹೊಗೆಯ ವಾಸನೆ, ಪ್ರಯಾಣಿಕರಿಗೆ ತಲೆನೋವು.

ಮಕ್ಕಳನ್ನು ಕೂರಿಸದೆ, ಒಂದೆರಡು ದಿನಗಳೊಳಗೆ ವರ್ಕ್‌ಶಾಪಿಗೆ ಒಯ್ಯಬೇಕಾದವು: ಒಡೆದ ಹೊಗೆಕೊಳವೆ, ಫಟ್ ಫಟ್ ಎಂಬ ಲಯ ತಪ್ಪಿದ ಓಟ, ಬೇರಿಂಗಿನ ಗುರ್ರ್. ಒಡೆದ ಕೊಳವೆಯ ವಾಹನವನ್ನು ಅಲ್ಲಿಯವರೆಗೆ ಓಡಿಸುವವರು ಗಾಜುಗಳನ್ನು ತೆರೆದೇ ಇಡಬೇಕು.

ಆ ವಾರದೊಳಗೆ ತೋರಿಸಬಹುದಾದವು: ಆಯಿಲ್ ಮಟ್ಟ ಸರಿಯಿದ್ದೂ ಕೇಳುವ ಟಿಕ್ ಟಿಕ್, ಬೆಲ್ಟಿನ ಕೀಚ್, ಮೌಂಟಿನ ನಡುಕ, ತಗಡಿನ ಗಲಗಲ.

ವರ್ಕ್‌ಶಾಪಿನಲ್ಲಿ

ನಮ್ಮಲ್ಲಿ ಅನೇಕರು ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು ಮಾತನಾಡುವ ಮೆಕ್ಯಾನಿಕರ ಬಳಿಗೆ ಹೋಗುತ್ತೇವೆ. ಯಂತ್ರದ ಭಾಗಗಳ ಹೆಸರು ಗೊತ್ತಿಲ್ಲವೆಂದು ಸಂಕೋಚಪಟ್ಟು, "ಏನೋ ನೋಡಿ" ಎಂದು ಬಿಟ್ಟುಬರುವವರೇ ಹೆಚ್ಚು. ಸಂಕೋಚದ ಅಗತ್ಯವಿಲ್ಲ. ಭಾಷೆ ಯಾವುದಿದ್ದರೂ ಬಾಯಲ್ಲಿ ಅನುಕರಿಸಿದ ಸದ್ದು ಅರ್ಥವಾಗುತ್ತದೆ. ಸದ್ದು ಬರುವಾಗ ಮೊಬೈಲಿನಲ್ಲಿ ಅರ್ಧ ನಿಮಿಷ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ವರ್ಕ್‌ಶಾಪಿಗೆ ಒಯ್ದಾಗ ಸದ್ದು ಮಾಯವಾಗುವುದು ಎಲ್ಲರ ಅನುಭವ. ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳ ಉತ್ತರ, ಕೊನೆಯ ಬಾರಿ ಆಯಿಲ್ ಬದಲಿಸಿದ ದಿನಾಂಕ ಮತ್ತು ಓಡಿದ ಕಿಲೋಮೀಟರ್ ಬರೆದ ಚೀಟಿ ಜೊತೆಗಿರಲಿ. ಬದಲಿಸಿದ ಹಳೆಯ ಭಾಗವನ್ನು ತೋರಿಸುವಂತೆ ಕೇಳಲು ಹಿಂಜರಿಯಬೇಡಿ.

ಕಾನೂನು ಏನು ಹೇಳುತ್ತದೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮದಂತೆ ಪ್ರತಿ ವಾಹನದಲ್ಲಿಯೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು. ಚಾಲಕರೂ ಸೇರಿ ಒಂಬತ್ತು ಆಸನ ಮೀರದ ಹೊಸ ಪ್ರಯಾಣಿಕ ವಾಹನಗಳಿಗೆ ತಯಾರಿಕೆಯ ಹಂತದ ಸದ್ದಿನ ಮಿತಿ 74 ಡೆಸಿಬೆಲ್. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡಗಳನ್ನು ಮೀರಿ ವಾಹನ ಓಡಿಸಿದರೆ ಮೋಟಾರು ವಾಹನ ಕಾಯಿದೆಯ 190(2)ನೆಯ ಕಲಮಿನಂತೆ, 2019ರ ತಿದ್ದುಪಡಿಯ ಬಳಿಕ, ಮೊದಲ ಅಪರಾಧಕ್ಕೆ 10,000 ರೂಪಾಯಿಗಳವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಲೈಸೆನ್ಸ್ ಕೂಡ ಮೂರು ತಿಂಗಳು ಅನರ್ಹಗೊಳ್ಳುತ್ತದೆ. ದೇಶಕ್ಕೆಲ್ಲ ಒಂದೇ ಕಾಯಿದೆಯಾದುದರಿಂದ ಗಡಿಯ ಯಾವ ಬದಿಯಲ್ಲಿದ್ದರೂ ಇದು ಅನ್ವಯಿಸುತ್ತದೆ.

ರಕ್ಷಕರಲ್ಲಿ ಒಂದು ವಿನಂತಿ

ದಂಡದ ಅಂಜಿಕೆಗಿಂತ ಮಕ್ಕಳ ಆರೋಗ್ಯದ ಕಾಳಜಿ ನಮಗೆ ಮುಖ್ಯ. ಕನ್ನಡ ಶಾಲೆ ಮನೆಯ ಪಕ್ಕದಲ್ಲಿಯೇ ಇರುವ ಭಾಗ್ಯ ಎಲ್ಲರಿಗೂ ಇಲ್ಲ. ದೂರದಿಂದ ಬರುವ ಮಕ್ಕಳು ದಿನವೂ ವಾಹನವನ್ನು ನೆಚ್ಚಿದ್ದಾರೆ. ಮಕ್ಕಳು ಹತ್ತುವ ವಾಹನದ ಸದ್ದನ್ನು ವಾರಕ್ಕೊಮ್ಮೆಯಾದರೂ ಗಮನವಿಟ್ಟು ಆಲಿಸಿರಿ. ಬದಲಾವಣೆ ಕಂಡರೆ ಚಾಲಕರೊಡನೆ ದೂರಿನ ದನಿಯಲ್ಲಿ ಅಲ್ಲ, ವಿಶ್ವಾಸದಿಂದ ಮಾತನಾಡಿರಿ. ಅವರ ಜೀವನವೂ ಆ ವಾಹನವನ್ನೇ ಅವಲಂಬಿಸಿದೆ, ರಿಪೇರಿಯ ದಿನದ ಬಾಡಿಗೆ ಅವರಿಗೆ ನಷ್ಟ. ನಮ್ಮಲ್ಲಿ ಆ ಹೊಗೆಕೊಳವೆಯ ವೆಚ್ಚವನ್ನು ಐದು ಮನೆಯವರು ಹಂಚಿಕೊಂಡರು. ವಾಹನ ವರ್ಕ್‌ಶಾಪಿನಲ್ಲಿದ್ದ ದಿನ ಇಬ್ಬರು ರಕ್ಷಕರು ಸರದಿಯಲ್ಲಿ ಮಕ್ಕಳನ್ನು ತಮ್ಮ ಕಾರುಗಳಲ್ಲಿ ಕರೆತಂದರು. ಮಕ್ಕಳು ತಲೆನೋವೆಂದಾಗ, ಯಾವ ಸೀಟಿನಲ್ಲಿ ಕುಳಿತು ಬಂದೆ ಎಂದು ನಾವು ಈಗ ಮೊದಲು ಕೇಳುತ್ತೇವೆ. ಮನೆಯಲ್ಲಿಯೂ ಹಾಗೆಯೇ ಕೇಳುವಂತಾಗಲಿ.